ಭದ್ರಮ್ಮನ ಎರಡು ಬೆರಳು

ಪೀಣ್ಯ ದೊಡ್ಡ ದೊಡ್ಡ ಕಾಳಗಗಳನ್ನು ಕಂಡ ಊರು. ಬೋನಸ್ಸಿಗಾಗಿ ಒಂದು ನಡೆದಿದೆ. ಬಸ್ಸು ಯಾವ ಕಾರ್ಖಾನೆಯ ಗೇಟಿನ ಎದುರು ನಿಲ್ಲಬೇಕು ಎಂಬುದಕ್ಕೆ ಒಂದು ನಡೆದಿದೆ. ಕ್ಯಾಂಟೀನಿನ ಸಾಂಬಾರಿನಲ್ಲಿ ಬೇಳೆ ಇದೆಯೋ ಇಲ್ಲವೋ ಎಂಬ ಜಿಜ್ಞಾಸೆ ಒಮ್ಮೆ ಮೂರು ದಿನ ನಡೆದು, ಕೊನೆಗೆ ಸೌಟು ಮುರಿಯುವುದರೊಂದಿಗೆ ಇತ್ಯರ್ಥವಾಗಿದೆ. ಆದರೆ ಒಂದು ಕುದುರೆಯ ಕತ್ತಿನ ಸಲುವಾಗಿ ನಡೆದ ಕಾಳಗ ಒಂದೇ ಒಂದು. ಅದು ನಡೆದದ್ದು ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ, ಆಯುಧಪೂಜೆ ಕಳೆದ ಮೇಲಿನ ನಾಲ್ಕು ದಿನ. ಗೆದ್ದವಳು ಮಾಕಳಿಯ ಹುಲ್ಲಿನ ಭದ್ರಮ್ಮ.

ಭದ್ರಮ್ಮನ ಆಯುಧ ಒಂದು ಕುಡುಗೋಲು. ರಥ, ಬೆಳಗಿನ ಮೊದಲ ಬಸ್ಸಿನ ಟಾಪು. ಹಿಂದಿನ ದಿನ ಕೆರೆಯಂಗಳದಲ್ಲಿ ಕೊಯ್ದು ನೀರು ಚಿಮುಕಿಸಿಟ್ಟ ಆರು ಹೊರೆ ಹುಲ್ಲನ್ನು ಟಾಪಿನ ಮೇಲೆ ಎಸೆದು, ಒಳಗೆ ಬಂದು ಕಿಟಕಿ ಪಕ್ಕ ಕೂರುತ್ತಿದ್ದಳು. ಕಂಡಕ್ಟರ್ ದಿನಾ ಕೇಳುತ್ತಿದ್ದ: "ಅಮ್ಮೋ, ಹುಲ್ಲಿಗೆ ಟಿಕೆಟ್?"

"ಹುಲ್ಲು ಸೀಟಿನ ಮ್ಯಾಲೆ ಕುಂತೈತೇನಪ್ಪ? ನಿನ್ನ ಚೀಲ ಕುಂತೈತಲ್ಲ, ಅದುಕ್ಕೆ ಮೊದ್ಲು ಹರ್ಕೋ."

ಹೀಗೆ ದಿನದ ಮೊದಲ ವಿಜಯವನ್ನು ಬಸ್ಸಿನಲ್ಲೇ ಮುಗಿಸಿಕೊಂಡು, ಜಾಲಹಳ್ಳಿ ಕ್ರಾಸಿನ ಜಟಕಾ ನಿಲ್ದಾಣದಲ್ಲಿ ಇಳಿಯುತ್ತಿದ್ದಳು. ಅಲ್ಲಿ ಏಳೆಂಟು ಜಟಕಾಗಳು, ಅಷ್ಟೇ ಕುದುರೆಗಳು, ಅಷ್ಟೇ ಮೀಸೆಗಳು. ಆ ಮೀಸೆಗಳು ಭದ್ರಮ್ಮನನ್ನು ಕಂಡರೆ ಹೆದರುತ್ತಿದ್ದಷ್ಟು ಪೊಲೀಸರನ್ನು ಕಂಡರೂ ಹೆದರುತ್ತಿರಲಿಲ್ಲ. ಪೊಲೀಸರು ಜಟಕಾದವನನ್ನು ವಿಚಾರಿಸುತ್ತಾರೆ. ಭದ್ರಮ್ಮ ಕುದುರೆಯನ್ನೇ ವಿಚಾರಿಸುತ್ತಿದ್ದಳು. ಹುಲ್ಲಿನ ಹೊರೆ ಕೆಳಗಿಡುವ ಮೊದಲು ಕುದುರೆಯ ಎದುರಿಗಲ್ಲ, ಭುಜದ ಪಕ್ಕಕ್ಕೆ ಹೋಗಿ ನಿಲ್ಲುವಳು. ಕಿವಿ ನೋಡುವಳು, ಮೂಗಿನ ಹೊಳ್ಳೆ ನೋಡುವಳು, ಹಿಂಗಾಲಲ್ಲಿ ಯಾವುದನ್ನು ಸಡಿಲ ಬಿಟ್ಟಿದೆ ಎಂದು ನೋಡುವಳು. ಆಮೇಲೆ ತೀರ್ಪು.

"ಇವ್ನು ಎಡಗಡೆ ಅಗೀತಾ ಇಲ್ಲ. ಹಲ್ಲು ತೋರ್ಸು."

"ಬೆನ್ನು ಮುಟ್ಟಿದ್ರೆ ಚರ್ಮ ನಡುಗ್ತೈತೆ. ಜೀನಿನ ಕೆಳಗೆ ಏನಿಟ್ಟಿದ್ದೀಯ, ಜಲ್ಲಿಕಲ್ಲಾ?"

"ಒಂದು ಕಿವಿ ಮುಂದಕ್ಕೆ, ಒಂದು ಹಿಂದಕ್ಕೆ ಮಾಡವ್ಳೆ. ಯೋಚ್ನೆ ಮಾಡ್ತಾವ್ಳೆ. ಮುಗಿಯೋಗಂಟ ಸುಮ್ಕಿರು, ಚಾವಟಿ ಎತ್ಬೇಡ."

ಇಷ್ಟೆಲ್ಲ ಆದ ಮೇಲೆ ಕೊನೆಯ ಪರೀಕ್ಷೆ. ಬಲಗೈಯ ಎರಡು ಬೆರಳು ಜೋಡಿಸಿ ಕುದುರೆಯ ಮೈಮೇಲಿನ ಪ್ರತಿ ಪಟ್ಟಿಯ ಕೆಳಗೂ ತೂರಿಸುವಳು. ತೂರಿದರೆ ಹುಲ್ಲು ಉಂಟು. ತೂರದಿದ್ದರೆ ಪಟ್ಟಿ ಸಡಿಲಿಸುವವರೆಗೆ ಹುಲ್ಲಿಲ್ಲ. ಇದನ್ನೆಲ್ಲ ಅವಳು ಯಾವ ಶಾಲೆಯಲ್ಲೂ ಕಲಿತದ್ದಲ್ಲ. ಇಪ್ಪತ್ತು ವರ್ಷ ಕುದುರೆಗಳು ಹುಲ್ಲು ತಿನ್ನುವುದನ್ನು ನೋಡುತ್ತ ಕೂತಿದ್ದಳು, ಅಷ್ಟೆ. "ತಿನ್ನೋವಾಗ ಕುದ್ರೆ ಸುಳ್ಳು ಏಳಕಿಲ್ಲ" ಎನ್ನುತ್ತಿದ್ದಳು. ಜಟಕಾದವರ ಬಗ್ಗೆ ಅವಳಿಗೆ ಅಂಥ ನಂಬಿಕೆ ಇರಲಿಲ್ಲ.

ಆ ನಿಲ್ದಾಣದಲ್ಲಿ ಅವಳ ಪರೀಕ್ಷೆಯಲ್ಲಿ ಎಂದೂ ನಪಾಸಾಗದವನು ಆವಲಪ್ಪ. ಅವನ ಹೆಣ್ಣುಕುದುರೆ ಚಂದ್ರಿ. ಹಣೆಯ ಮೇಲೆ ಅರ್ಧ ಚಂದ್ರನಂಥ ಬಿಳಿ ಮಚ್ಚೆ, ಕಂದು ಮೈ, ನಾಲ್ಕು ಜನರನ್ನು ಎಳೆದರೂ ಮೇಷ್ಟರು ಬಂದ ಹಾಗೆ ಅಳತೆಯ ನಡಿಗೆ. ಅವಳು ಮೂರು ವರ್ಷದವಳಾಗಿ ನಿಲ್ದಾಣಕ್ಕೆ ಬಂದಾಗ ಹೊಟ್ಟೆನೋವು ಬಂದು ಬಿದ್ದು ಹೊರಳಾಡಿದ್ದಳು. ಇಡೀ ಹಗಲು ಅವಳನ್ನು ಕೂರಗೊಡದೆ, ಮಲಗಗೊಡದೆ ಮೈದಾನದ ತುಂಬ ನಡೆಸಿ ಉಳಿಸಿಕೊಂಡವಳು ಭದ್ರಮ್ಮ. ಹಾಗಾಗಿ ಚಂದ್ರಿಯ ಮಾಲೀಕ ಆವಲಪ್ಪನಾದರೂ ತವರು ಭದ್ರಮ್ಮನದು.

ಆವಲಪ್ಪ ದಿನಾ ಬೆಳಿಗ್ಗೆ ನಾಲ್ವರು ಕೆಲಸಗಾರರನ್ನು ಕ್ರಾಸಿನಿಂದ ಒಳಗಿನ ಒಂದು ಕಾರ್ಖಾನೆಗೆ ಕರೆದೊಯ್ಯುತ್ತಿದ್ದ. ಏಳೂವರೆಗೆ ಸೈರನ್, ಸೈರನ್ ನಿಂತರೆ ಗೇಟು ಬಂದ್. ಆ ನಾಲ್ವರ ಸೇನಾಪತಿ ಶ್ಯಾಮಣ್ಣ. ಟೂಲ್ ರೂಮಿನ ಫಿಟ್ಟರ್. ಕೂದಲೆಳೆಯನ್ನು ಉದ್ದುದ್ದ ಸೀಳಿ ಅದರ ದಪ್ಪ ಹೇಳಬಲ್ಲೆ ಎಂದು ನಂಬಿದ್ದ ಮನುಷ್ಯ. ಜೇಬಿನಲ್ಲಿ ಸದಾ ಸೂಕ್ಷ್ಮ ಅಳತೆಯ ವರ್ನಿಯರ್ ಇರುತ್ತಿತ್ತು. ಹೋಟೆಲಿನಲ್ಲಿ ಇಡ್ಲಿಯನ್ನೂ ಅಳೆದಿದ್ದನಂತೆ.

ಆ ವರ್ಷ ಆಯುಧಪೂಜೆಗೆ ಶ್ಯಾಮಣ್ಣನ ಬಳಗ ಆವಲಪ್ಪನಿಗೆ ಒಂದು ಉಡುಗೊರೆ ಕೊಡಲು ತೀರ್ಮಾನಿಸಿತು. ಕ್ಷೌರದಂಗಡಿಯ ಕ್ಯಾಲೆಂಡರಿನಲ್ಲಿ ಒಬ್ಬ ರಾಜ ಬಿಳಿ ಕುದುರೆಯ ಮೇಲೆ ಕೂತಿದ್ದ. ಆ ಕುದುರೆ ಕತ್ತನ್ನು ನವಿಲಿನಂತೆ ಎತ್ತಿ ಬಾಗಿಸಿ ನಿಂತಿತ್ತು. ನಮ್ಮ ಚಂದ್ರಿಯೂ ಹಾಗೇ ನಿಲ್ಲಬೇಡವೇ? ಶ್ಯಾಮಣ್ಣ ಉಳಿದ ಸ್ಟೇನ್‌ಲೆಸ್ ಸ್ಟೀಲ್ ತುಂಡೊಂದನ್ನು ಲೇಥಿಗೆ ಹಾಕಿ, ಕೊರೆದು, ಬಗ್ಗಿಸಿ, ಮುಖ ಕಾಣುವಂತೆ ಪಾಲಿಶ್ ಮಾಡಿ ಒಂದು ಕೊಕ್ಕೆ ತಯಾರಿಸಿದ. ಅದನ್ನು ಜೀನಿನ ಮೇಲೆ ಕೂರಿಸಿದ್ದಾಯಿತು. ಕಡಿವಾಣದಿಂದ ಒಂದು ಹೊಸ ಚರ್ಮದ ಪಟ್ಟಿ ತಂದು ಕೊಕ್ಕೆಗೆ ಸಿಕ್ಕಿಸಿದರೆ, ಆಹಾ, ಚಂದ್ರಿಯ ತಲೆ ಆಕಾಶಕ್ಕೆ! ಪೂಜೆಯ ದಿನ ಕೊಕ್ಕೆಗೂ ಅರಿಶಿನ ಕುಂಕುಮ, ಚಂದ್ರಿಗೂ ಚೆಂಡುಹೂವಿನ ಹಾರ. ಆವಲಪ್ಪನ ಮೀಸೆ ಕೂಡ ಆ ದಿನ ಅರ್ಧ ಇಂಚು ಮೇಲೇರಿತ್ತು ಎಂದು ನೋಡಿದವರು ಹೇಳುತ್ತಾರೆ. ಶ್ಯಾಮಣ್ಣ ಅಳೆದಿರಬೇಕು.

ಭದ್ರಮ್ಮ ಅಂದು ಊರಿನಲ್ಲಿ ತನ್ನ ಕುಡುಗೋಲಿಗೆ ಪೂಜೆ ಮಾಡುತ್ತಿದ್ದಳು. ಇಲ್ಲದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ವಿಜಯದಶಮಿಯ ರಜೆ ಕಳೆದು ಮೊದಲ ಕೆಲಸದ ದಿನ. ಕಾರ್ಖಾನೆಯ ಗೇಟಿಗೆ ಇನ್ನೂರು ಗಜ ಇರುವಾಗ ಒಂದು ಮೋರಿ ಬರುತ್ತದೆ. ಅಲ್ಲಿ ಮೂರು ದಾರಿ ಕೂಡುವುದರಿಂದ ಸುತ್ತಲಿನ ಒಂಬತ್ತು ಕಾರ್ಖಾನೆಗಳೂ ದೃಷ್ಟಿ ತೆಗೆದ ಬೂದುಗುಂಬಳವನ್ನು ಅಲ್ಲೇ ಒಡೆಯುವುದು ವಾಡಿಕೆ. ಕಪ್ಪು ಟಾರಿನ ಮೇಲೆ ಒಂಬತ್ತು ಕುಂಬಳಕಾಯಿಗಳು ಬಿಳಿ ಬಿಳಿಯಾಗಿ ಬಿದ್ದಿದ್ದವು, ಮೇಲೆ ಕುಂಕುಮ. ಚಂದ್ರಿ ಅಲ್ಲಿಗೆ ಬಂದವಳೇ ನಾಲ್ಕೂ ಕಾಲು ಊರಿ ನಿಂತುಬಿಟ್ಟಳು.

ಆವಲಪ್ಪ ಮುದ್ದು ಮಾಡಿದ. ನಾಲಿಗೆಯಿಂದ ಲೊಟ್ಟೆ ಹೊಡೆದ. ಇಳಿದು ಎಳೆದ. ನಾಲ್ವರೂ ಇಳಿದು ಹಿಂದಿನಿಂದ ತಳ್ಳಿದರು. ಜಟಕಾ ಒಂದು ಗೇಣು ಮುಂದೆ ಸರಿಯಿತು, ಚಂದ್ರಿ ಸರಿಯಲಿಲ್ಲ. ಸೈರನ್ ಕೂಗಿ ನಿಂತಿತು. ನಾಲ್ವರು ಕಾರ್ಮಿಕ ವೀರರು ಓಡಿದರು. ಗೇಟು ಅವರಿಗಿಂತ ಚುರುಕಾಗಿತ್ತು.

ಮೋರಿಯ ಪಕ್ಕದಲ್ಲಿ ಟೀ ಅಂಗಡಿ ಇಟ್ಟಿದ್ದ ಮುನಿಯಕ್ಕ ಇದನ್ನೆಲ್ಲ ನೋಡಿ, ಲೋಟ ತೊಳೆಯುತ್ತಲೇ ರೋಗ ಪತ್ತೆ ಮಾಡಿದಳು. "ದೃಷ್ಟಿ ಕಣಣ್ಣೋ. ಹಬ್ಬದ ದಿವ್ಸ ಅಂಗೆ ಕತ್ತೆತ್ಕಂಡು ಮೆರಸ್ದೆಯಲ್ಲ, ಊರೆಲ್ಲ ನೋಡ್ತು. ಒಂದು ಕುಂಬಳಕಾಯಿ ಒಡಿ, ಸರಿಓಯ್ತದೆ."

ಆವಲಪ್ಪ ಒಡೆದ. ಅದೇ ಮೋರಿಯ ಮೇಲೆ. ಕಾಯಿಗಳು ಹತ್ತಾದವು.

ಎರಡನೆಯ ದಿನ ಚಂದ್ರಿ ಹತ್ತು ಗಜ ಮೊದಲೇ ನಿಂತಳು. "ಜೋರು ದೃಷ್ಟಿ" ಎಂದಳು ಮುನಿಯಕ್ಕ. ಹನ್ನೊಂದನೆಯದು ಒಡೆಯಿತು. ರಸ್ತೆ ಇನ್ನಷ್ಟು ಬೆಳ್ಳಗಾಯಿತು. ಔಷಧಿ ಹೆಚ್ಚಿದಷ್ಟೂ ರೋಗಿ ಹಿಂದೆ ಹಿಂದೆ ಸರಿಯುತ್ತಿದ್ದಳು. ವೈದ್ಯರಿಗೆ ಅದು ಔಷಧಿ ಸಾಲದ್ದರ ಲಕ್ಷಣವಾಗಿ ಕಂಡಿತು.

ಆ ಸಂಜೆ ಆವಲಪ್ಪ ನಿಲ್ದಾಣದಲ್ಲಿ ತಲೆ ಬಗ್ಗಿಸಿ ಕೂತು ಹೇಳಿದ: "ಭದ್ರಮ್ಮ, ಇವ್ಳನ್ನ ಮಾರ್ತೀನಿ ಅಂತ ನಂಜಪ್ಪನಿಗೆ ಏಳಿಬಿಟ್ಟೆ ಕಣವ್ವ. ನಾಳಿದ್ದು ಬೆಳಿಗ್ಗೆ ಮೋರಿತಾವ್ಕೇ ಬತ್ತಾನಂತೆ. ಎಂಗೂ ಅಲ್ಲೇ ತಾನೆ ನಿಲ್ಲೋದು ಇವ್ಳು."

ಭದ್ರಮ್ಮನ ಕೈಯ ಹುಲ್ಲು ಕೆಳಗೆ ಬಿತ್ತು. ನಂಜಪ್ಪನಿಗೆ ನೆಲಮಂಗಲದ ಕಡೆ ಇಟ್ಟಿಗೆ ಗೂಡು ಇತ್ತು. ಹಿಂದೊಮ್ಮೆ ಈ ನಿಲ್ದಾಣದ ಕೆಂಚ ಎಂಬ ಕುದುರೆ ಅಲ್ಲಿಗೆ ಹೋಗಿತ್ತು. ಆರು ತಿಂಗಳಾದ ಮೇಲೆ ಭದ್ರಮ್ಮ ಅದನ್ನು ರಸ್ತೆಯಲ್ಲಿ ಕಂಡಳು. ಬೆನ್ನಿನ ಹುಣ್ಣಿಗೆ ಬೂದಿ ಮೆತ್ತಿದ್ದರು. ಹೆಸರು ಹಿಡಿದು ಕರೆದರೂ ಕಿವಿ ಆಡಿಸಲಿಲ್ಲ. ಈ ಒಂದು ವಿಷಯದಲ್ಲಿ ಮಾತ್ರ ಭದ್ರಮ್ಮ ತಮಾಷೆ ಮಾಡುತ್ತಿರಲಿಲ್ಲ.

"ಅವ್ನಿಗೆ ಯಾಕಣ್ಣ ಏಳ್ದೆ?"

"ಇನ್ನೇನ್ ಮಾಡ್ಲಿ? ಜನ ನನ್ ಗಾಡಿ ಅತ್ತಾಕಿಲ್ಲ ಅಂತವ್ರೆ. ನಿಂತ್ಕಳೋ ಕುದ್ರೆ ಇಟ್ಕಂಡು ಗುಡಿ ಕಟ್ಸಲಾ?"

"ನಾಳಿದ್ದು ಬೆಳಿಗ್ಗೆ ಸೈರನ್ ಕೂಗೋ ಒತ್ಗೆ ಇವ್ಳು ಮೋರಿ ದಾಟುದ್ರೆ?"

"ದಾಟುದ್ರೆ ನಂಜಪ್ಪನ್ನ ಬರಿಗೈಲಿ ಕಳುಸ್ತೀನಿ. ನನ್ನಾಣೆ."

ಮೂರನೆಯ ದಿನ ಭದ್ರಮ್ಮ ತಾನೇ ಜಟಕಾ ಹತ್ತಿದಳು. ಮೋರಿಯ ಬಳಿ ಇಳಿದು, ಚಂದ್ರಿಗೆ ದಾರಿ ಸರಿಯಾಗಿ ಕಾಣುತ್ತಿಲ್ಲವೆಂದು ತೀರ್ಮಾನಿಸಿ, ಪಕ್ಕದ ನೋಟ ಮರೆಮಾಡುವ ಕಣ್ಣುಪಟ್ಟಿಗಳನ್ನು ಕಿತ್ತೆಸೆದಳು. ಹಿಂದಿನಿಂದ ಒಂದು ಲಾರಿ ಬರುತ್ತಿತ್ತು. ಹುಟ್ಟಿದಾಗಿನಿಂದ ಲಾರಿಯ ಸದ್ದು ಮಾತ್ರ ಕೇಳಿದ್ದ ಚಂದ್ರಿ ಮೊದಲ ಬಾರಿಗೆ ಅದರ ಮುಖ ನೋಡಿದಳು. ಆಮೇಲೆ ಆದದ್ದು: ಜಟಕಾ ಎಡಕ್ಕೆ ತಿರುಗಿತು, ಮುನಿಯಕ್ಕನ ಬೆಂಚು ಬಲಕ್ಕೆ ಹಾರಿತು, ಶ್ಯಾಮಣ್ಣನ ಮಡಿಲಿಗೆ ಒಂದು ಡಬ್ಬ ಬನ್ನು ಬಂದು ಕೂತಿತು. ದಿಗ್ವಿಜಯ ಮಾಡಿಕೊಂಡು ಚಂದ್ರಿ ವಾಪಸು ಕ್ರಾಸಿಗೆ ಬಂದು ನಿಂತಾಗ ಜಟಕಾದಲ್ಲಿ ಜನರಿರಲಿಲ್ಲ, ಬನ್ನುಗಳು ಮಾತ್ರ ಇದ್ದವು.

ಮುನಿಯಕ್ಕ ಬೆಂಚು ಎತ್ತಿ ನಿಲ್ಲಿಸಿ, ಹನ್ನೆರಡನೆಯ ಕುಂಬಳಕಾಯಿಯನ್ನು ತನ್ನದೇ ಖುಷಿಗೆ ಒಡೆದಳು.

ಭದ್ರಮ್ಮ ಸೋತು ನಿಲ್ದಾಣದಲ್ಲಿ ಕೂತಳು. ಜೀನು, ಪಟ್ಟಿ ಎಲ್ಲ ಬಿಚ್ಚಿದ ಚಂದ್ರಿ ಹುಲ್ಲಿನ ಕಡೆ ನಡೆದು ಬರುತ್ತಿದ್ದಳು. ದಾರಿಗೆ ಅಡ್ಡವಾಗಿ ಒಂದು ಬಿಳಿ ಗೊಬ್ಬರದ ಚೀಲ ಬಿದ್ದಿತ್ತು. ಚಂದ್ರಿ ನಿಂತಳು. ತಲೆಯನ್ನು ನೆಲದವರೆಗೆ ಇಳಿಸಿದಳು. ಫುರ್ರ್ ಎಂದು ಉಸಿರು ಬಿಟ್ಟು, ಮೂಸಿ, ಮೇಲ್ದುಟಿಯಿಂದ ಒಮ್ಮೆ ಸವರಿ, ಚೀಲದ ಮೇಲೆ ಕಾಲಿಟ್ಟು ದಾಟಿ ಬಂದು ಹುಲ್ಲಿಗೆ ಬಾಯಿ ಹಾಕಿದಳು.

ಭದ್ರಮ್ಮ ಮೆಲ್ಲಗೆ ಎದ್ದಳು. ಬಿಚ್ಚಿಟ್ಟ ಜೀನಿನ ಮೇಲೆ ಕೊಕ್ಕೆ ಪಳಪಳ ಹೊಳೆಯುತ್ತಿತ್ತು. ಮೂರು ದಿನದಿಂದ ಅದನ್ನು ಹಬ್ಬದ ಅಲಂಕಾರ ಎಂದುಕೊಂಡು ನೋಡಿಯೂ ನೋಡದೆ ಬಿಟ್ಟಿದ್ದಳು. ಹಲ್ಲು, ಬೆನ್ನು, ಹೊಟ್ಟೆ, ಎಲ್ಲ ಪಟ್ಟಿಗೂ ಬೆರಳು ತೂರಿಸಿದ್ದಳು. ಈ ಮಿಂಚುವ ಕೊಕ್ಕೆಯ ಪಟ್ಟಿಗೆ ಮಾತ್ರ ತೂರಿಸಿರಲಿಲ್ಲ.

"ಆವಲಣ್ಣ! ಜೀನು ಆಕು. ಆ ಪಟ್ಟಿ ಸಿಕ್ಕಿಸು. ಚೀಲದ ತಾವ ನಡ್ಸು ಇವ್ಳನ್ನ!"

ಪಟ್ಟಿ ಸಿಕ್ಕಿಸಿ ನಡೆಸಿದರು. ಚೀಲದ ಹತ್ತಿರ ಬಂದು ಚಂದ್ರಿ ತಲೆ ಇಳಿಸಲು ನೋಡಿದಳು, ಆಗಲಿಲ್ಲ, ನಡುಗುತ್ತ ನಿಂತಳು. ಪಟ್ಟಿ ಬಿಚ್ಚಿದರು. ತಲೆ ಇಳಿಸಿದಳು, ಫುರ್ರ್, ದಾಟಿದಳು. ಮತ್ತೆ ಸಿಕ್ಕಿಸಿದರು, ನಿಂತಳು. ಬಿಚ್ಚಿದರು, ದಾಟಿದಳು. ಭದ್ರಮ್ಮ ನೆಲಕ್ಕೆ ಕುಡುಗೋಲು ಕುಕ್ಕಿ ಕುಣಿದೇಬಿಟ್ಟಳು.

"ಕಣ್ಣು ಪಕ್ಕದಾಗೈತಣ್ಣ ಇವ್ಳಿಗೆ, ನಮ್ಮಂಗೆ ಮುಂದ್ಕಿಲ್ಲ! ದೂರದಿಂದ ನೆಲದ ಮ್ಯಾಲೆ ಅದೇನೋ ಬೆಳ್ಳಗೆ ಕಾಣ್ತೈತೆ. ಅತ್ರ ಬಂದ್ರೆ ಮೂತಿ ಕೆಳಗೆ ಮಾಯ ಆಯ್ತದೆ. ಬಗ್ಗಿ ನೋಡಾನ ಅಂದ್ರೆ ನೀವು ಕತ್ತು ಕಟ್ಟಾಕಿದ್ದೀರ. ಮಾಯ ಆಗಿದ್ದರ ಮ್ಯಾಲೆ ನೀನಾದ್ರೆ ಕಾಲಿಕ್ಕೀಯಾ?"

ಆವಲಪ್ಪನಿಗೆ ಅರ್ಥವಾಯಿತು. ಅರ್ಥವಾದ ಕೂಡಲೇ ಇನ್ನೊಂದು ಭಯ ಹಿಡಿಯಿತು. "ಆದ್ರೆ ಆ ಕೊಕ್ಕೆ ಪೂಜೆ ಆಗಿರೋದು ಕಣವ್ವ. ಶ್ಯಾಮಣ್ಣೋರು ಎಂಟು ದಿನ ಕುಂತು ಮಾಡವ್ರೆ. ಬೇಡ ಅಂತ ನಾನೆಂಗೆ ಏಳ್ಲಿ? ನನ್ ಬಾಯಲ್ಲಿ ಬರಾಕಿಲ್ಲ."

"ನೀನು ಸುಮ್ಕಿರು. ನನ್ ಬಾಯೈತಲ್ಲ."

ನಾಲ್ಕನೆಯ ದಿನ, ಏಳು ಗಂಟೆ ಕಳೆದು ಹತ್ತು ನಿಮಿಷ. ಮೋರಿಯ ಎರಡೂ ಕಡೆ ಜನ. ಪಕ್ಕದ ಎರಕದ ಕಾರ್ಖಾನೆಯವರು ಮಸಿ ಮುಖ ಹೊತ್ತು ಗೋಡೆಯ ಮೇಲೆ ಸಾಲಾಗಿ ಕೂತಿದ್ದರು. ಒಂದು ಕಡೆ ನಂಜಪ್ಪ, ಕೈಯಲ್ಲಿ ಹಗ್ಗ, ಬಾಯಲ್ಲಿ ಬೀಡಿ. ಮುನಿಯಕ್ಕ ಹದಿಮೂರನೆಯ ಕುಂಬಳಕಾಯಿಯನ್ನು ಆಗಷ್ಟೇ ಒಡೆದು ಕೈ ಒರೆಸಿಕೊಳ್ಳುತ್ತಿದ್ದಳು. ರಸ ಇನ್ನೂ ಹರಿಯುತ್ತಿತ್ತು. ಕಣ್ಣುಪಟ್ಟಿ ಮತ್ತೆ ಕಟ್ಟಿಸಿಕೊಂಡ ಚಂದ್ರಿಯ ಜಟಕಾ ಬಂತು. ಚಂದ್ರಿ ನಿಂತಳು.

ಭದ್ರಮ್ಮ ಕೊಕ್ಕೆಗೆ ಕೈ ಹಾಕಿದಳು.

"ಏಯ್ ಏಯ್! ಏನ್ ಮಾಡ್ತಿದೀರ?" ಶ್ಯಾಮಣ್ಣ ಜಟಕಾದಿಂದ ಜಿಗಿದ. "ಅದು ಫಿಟ್ಟಿಂಗ್ ರೀ! ಅಲ್ಲಾಡಿಸಬಾರದು. ಕೂದಲಷ್ಟೂ ಆಚೀಚೆ ಇಲ್ಲ, ಗೊತ್ತಾ?"

"ಕೊಕ್ಕೆ ಅಳತೆ ಸರಿಯಾಗೈತೆ ಸಾಮಿ, ಯಾರು ಇಲ್ಲ ಅಂದ್ರು? ಕುದ್ರೆ ಅಳತೆ ತಗಂಡಿದ್ರಾ?"

ಶ್ಯಾಮಣ್ಣ ಕುದುರೆಯ ಅಳತೆ ತೆಗೆದಿರಲಿಲ್ಲ. ಇಡ್ಲಿಯದು ತೆಗೆದಿದ್ದ.

"ಇರ್ಲಿ. ಈಗ ಒಂದು ಕೆಲ್ಸ ಮಾಡಿ. ಗದ್ದ ಮ್ಯಾಕೆತ್ತಿ. ಇನ್ನೂ ಮ್ಯಾಕೆ. ಆಕಾಸ ನೋಡಿ. ಅಂಗೇ ನೋಡ್ಕಂಡು ಈ ಮೋರಿ ದಾಟಿ ತೋರ್ಸಿ. ಕೆಳಗೆ ಮಾತ್ರ ನೋಡಂಗಿಲ್ಲ."

"ಅದರಲ್ಲೇನಿದೆ? ಟೆಸ್ಟಿಂಗ್ ಅಂದರೆ ನಾವು ಯಾವತ್ತೂ ಹಿಂದೇಟು ಹಾಕಿದವರಲ್ಲ" ಎಂದ ಶ್ಯಾಮಣ್ಣ. ಅವನು ನಿಜಕ್ಕೂ ಪ್ರಾಮಾಣಿಕ ಫಿಟ್ಟರ್. ಕ್ಯಾಲೆಂಡರಿನ ಕುದುರೆಯಂತೆ ಕತ್ತೆತ್ತಿ, ಎದೆಯುಬ್ಬಿಸಿ, ಗೋಡೆಯ ಮೇಲಿನವರ ಶಿಳ್ಳೆಗಳ ನಡುವೆ ಹೊರಟ. ಮೊದಲ ಹೆಜ್ಜೆ ಧೀರವಾಗಿತ್ತು. ಎರಡನೆಯದು ಗಂಭೀರವಾಗಿತ್ತು. ಮೂರನೆಯದರಲ್ಲಿ ಕಾಲು ಗಾಳಿಯಲ್ಲಿ ತಡಕಾಡಿತು. ನೆಲ ಎಲ್ಲಿದೆ ಎಂದು ಬೆರಳುಗಳು ವಿಚಾರಿಸತೊಡಗಿದವು. ನಾಲ್ಕನೆಯ ಹೆಜ್ಜೆ ಹದಿಮೂರನೆಯ ಕುಂಬಳಕಾಯಿಯ ಮೇಲೆ ಬಿತ್ತು.

ಪೀಣ್ಯದ ಟೂಲ್ ರೂಮಿನ ಭೀಷ್ಮ ಎರಡೂ ಕಾಲು ಮೇಲೆ ಮಾಡಿ ಕುಂಕುಮದಲ್ಲಿ ಕೂತ.

ಗೋಡೆಯ ಮೇಲಿಂದ ಇಬ್ಬರು ನಗುತ್ತ ಆಚೆ ಕಡೆಗೆ ಬಿದ್ದರು. ಶ್ಯಾಮಣ್ಣ ಮಾತ್ರ ನಗಲಿಲ್ಲ. ಕೂತಲ್ಲಿಂದಲೇ ಚಂದ್ರಿಯ ಕತ್ತನ್ನು, ಪಟ್ಟಿಯನ್ನು, ಕೊಕ್ಕೆಯನ್ನು, ನೆಲವನ್ನು ನೋಡಿದ. ಎದ್ದು, ಬಂದು, ಪಟ್ಟಿಯ ಕೆಳಗೆ ತನ್ನ ಬೆರಳು ತೂರಿಸಲು ನೋಡಿದ. ಉಗುರೂ ಹೋಗಲಿಲ್ಲ.

"ಕೆಲಸ ಸರಿ ಇದೆ" ಎಂದ ಮೆಲ್ಲಗೆ. "ಡಿಸೈನೇ ತಪ್ಪು." ತನ್ನ ಕೈಯಾರೆ ಪಟ್ಟಿಯನ್ನು ಕೊಕ್ಕೆಯಿಂದ ಬಿಡಿಸಿದ.

ಚಂದ್ರಿಯ ತಲೆ ನಿಧಾನವಾಗಿ ಇಳಿಯಿತು. ಐದು ದಿನ ಮೇಲಿದ್ದ ಕತ್ತು. ಇಳಿಯುತ್ತ ಇಳಿಯುತ್ತ ಒಮ್ಮೆ ಜಾಡಿಸಿಕೊಂಡಿತು. ಕಿವಿಗಳೆರಡೂ ಮುಂದಕ್ಕೆ ಬಂದವು. ನಂಜಪ್ಪನ ಬೀಡಿ ಆರಿತು. ಭದ್ರಮ್ಮ ಚಂದ್ರಿಯ ಭುಜದ ಪಕ್ಕ ನಿಂತು, ಎಳೆಯದೆ, ತಳ್ಳದೆ ಕಾದಳು. ಮೂಗು ಮೊದಲ ಬಿಳಿ ಗುಡ್ಡೆಯ ಹತ್ತಿರ ಬಂತು. ಫುರ್ರ್! ಕುಂಕುಮ ಹಾರಿತು. ಇನ್ನೊಮ್ಮೆ ಫುರ್ರ್. ಒಂದು ಗೊರಸು ಮುಂದೆ ಬಂತು, ತಟ್ಟಿ ನೋಡಿತು, ಊರಿತು. ಇನ್ನೊಂದು. ಜಟಕಾದ ಚಕ್ರ ಉರುಳಿತು. ಮೋರಿಯ ನಟ್ಟನಡುವೆ ಚಂದ್ರಿ ಮತ್ತೆ ನಿಂತಳು. ಆವಲಪ್ಪ ಕಣ್ಣು ಮುಚ್ಚಿಕೊಂಡ. ಅವಳು ಹದಿಮೂರನೆಯ ಕಾಯಿಯ ಶುಭ್ರವಾದ ಒಂದು ತುಂಡನ್ನು ಆರಿಸಿ, ಬಾಯಿಗೆ ಹಾಕಿಕೊಂಡು, ಕರುಮ್ ಎಂದು ಅಗಿದಳು.

"ಅಯ್ಯಯ್ಯೋ!" ಮುನಿಯಕ್ಕ ಲೋಟ ಕೈಬಿಟ್ಟಳು. "ದೃಷ್ಟಿ ತಿಂದ್ಬಿಟ್ಲು! ಒಂಬತ್ತು ಫ್ಯಾಕ್ಟ್ರಿ ದೃಷ್ಟಿ!"

"ತಿನ್ಲಿ ಬುಡು, ಎರಡೂ ಕಡೆ ಅಗೀತಾವ್ಳೆ!" ಎಂದಳು ಭದ್ರಮ್ಮ. ಕುಂಕುಮ ಹತ್ತಿದ ಎರಡನೆಯ ತುಂಡಿಗೆ ಚಂದ್ರಿ ಬಾಯಿ ಹಾಕುವ ಮೊದಲೇ ಭದ್ರಮ್ಮ ಅದನ್ನು ಕಾಲಿಂದ ಮೋರಿಗೆ ಒದ್ದಳು.

ಅಗಿಯುತ್ತಲೇ ಚಂದ್ರಿ ಮೋರಿ ದಾಟಿದಳು. ಆವಲಪ್ಪ ಹಗ್ಗ ಹಿಡಿದು ನಿಂತಿದ್ದವನ ಕಡೆ ತಿರುಗಿದ. "ನಂಜಪ್ಪಣ್ಣ, ದಾಟಿದ್ಲು. ಕೊಡಾಕಿಲ್ಲ."

"ಕೊಟ್ರೂ ಯಾವನಿಗಪ್ಪ ಬೇಕು?" ನಂಜಪ್ಪ ಆಗಲೇ ನಾಲ್ಕು ಹೆಜ್ಜೆ ಹಿಂದಿದ್ದ. "ಇಷ್ಟು ಜನದ ದೃಷ್ಟಿ ಒಟ್ಟೆಗಾಕ್ಕಂಡವ್ಳೆ. ನನ್ ಗೂಡು ಉಳೀತದಾ?" ಹಗ್ಗ ಸುತ್ತಿಕೊಂಡು ನೆಲಮಂಗಲದ ಬಸ್ಸಿಗೆ ಹೋದವನು ಆಮೇಲೆ ಆ ನಿಲ್ದಾಣದ ಕಡೆ ಸುಳಿಯಲಿಲ್ಲ.

ಅಷ್ಟರಲ್ಲಿ ಸೈರನ್! "ಅತ್ರೋ!" ಎಂದು ಕೂಗಿದ ಆವಲಪ್ಪ. ನಾಲ್ವರೂ ಹತ್ತಿದರು, ಅವರ ಹಿಂದೆ ಭದ್ರಮ್ಮನೂ ಹತ್ತಿದಳು. ಇನ್ನೂರು ಗಜ. ಕತ್ತು ಬಿಟ್ಟ ಚಂದ್ರಿ ಅದನ್ನು ಮುಂದಕ್ಕೆ ಚಾಚಿ ಹಾರಿದ ಹಾರಾಟಕ್ಕೆ ಕ್ಯಾಲೆಂಡರಿನ ರಾಜ ಬಿದ್ದೇ ಹೋಗುತ್ತಿದ್ದ. ವಾಚ್‌ಮನ್ ಗೇಟು ಎಳೆಯುತ್ತಿದ್ದ. ಸೈರನ್ನಿನ ಕೊನೆಯ ಎಳೆ ಇನ್ನೂ ಗಾಳಿಯಲ್ಲಿರುವಾಗಲೇ ಜಟಕಾದ ಮೂಕಿ ಒಳಗಿತ್ತು. ಆ ದಿನ ಹಾಜರಿ ಹಾಕಿಸಿಕೊಂಡವರಲ್ಲಿ ಒಬ್ಬನ ಪ್ಯಾಂಟಿನ ಹಿಂಭಾಗ ಕೆಂಪಗಿತ್ತು. ಯಾರೂ ಕಾರಣ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಕೊಕ್ಕೆ ಜೀನಿನ ಮೇಲೇ ಉಳಿಯಿತು, ಪೂಜೆಯಾದದ್ದಲ್ಲವೇ. ಆವಲಪ್ಪ ಅದಕ್ಕೆ ಊಟದ ಡಬ್ಬಿ ನೇತುಹಾಕುತ್ತಿದ್ದ. ಕಣ್ಣುಪಟ್ಟಿಯ ವಿಷಯದಲ್ಲಿ ಭದ್ರಮ್ಮ ತಾನು ಮಾಡಿದ ತಪ್ಪನ್ನು ಒಪ್ಪಿಕೊಂಡು, ಒಂದು ತಿಂಗಳು ದಿನಾ ಸಂಜೆ ಚಂದ್ರಿಯನ್ನು ರಸ್ತೆ ಬದಿಯಲ್ಲಿ ಹುಲ್ಲಿನೊಂದಿಗೆ ನಿಲ್ಲಿಸಿ, ದೂರದಿಂದ ಲಾರಿಗಳನ್ನು ಪರಿಚಯ ಮಾಡಿಸಿದಳು. ಮೊದಲ ವಾರ ನೂರು ಗಜದಿಂದ, ಕೊನೆಯ ವಾರ ಹತ್ತು ಗಜದಿಂದ. ಆಮೇಲೆ ಕಣ್ಣುಪಟ್ಟಿ ಬೇಕಾಗಲಿಲ್ಲ.

ಮುಂದಿನ ಆಯುಧಪೂಜೆಗೆ ಒಂದು ವಾರ ಇದ್ದಾಗ ಶ್ಯಾಮಣ್ಣ ನಿಲ್ದಾಣಕ್ಕೆ ಬಂದ. ಜೇಬಿನಿಂದ ವರ್ನಿಯರ್ ತೆಗೆದು, "ಭದ್ರಮ್ಮನವರೇ, ಆ ಎರಡು ಬೆರಳು ಕೊಡಿ" ಎಂದ. ಅವಳು ಅನುಮಾನದಿಂದಲೇ ಕೊಟ್ಟಳು. ಅಗಲ ಅಳೆದ, ದಪ್ಪ ಅಳೆದ, ಚೀಟಿಯಲ್ಲಿ ಬರೆದುಕೊಂಡ. ಹಬ್ಬದ ದಿನ ಒಂದು ಸ್ಟೇನ್‌ಲೆಸ್ ಸ್ಟೀಲ್ ತುಂಡು ತಂದ. ಉದ್ದ ಒಂದು ಗೇಣಿಗೂ ಕಡಿಮೆ, ತುದಿ ಬೆರಳಿನಂತೆ ದುಂಡಗೆ, ಮುಖ ಕಾಣುವ ಪಾಲಿಶ್. ನಿಲ್ದಾಣದ ಬೇವಿನ ಮರಕ್ಕೆ ಸರಪಳಿ ಕಟ್ಟಿ ತೂಗುಹಾಕಿದ. ಭದ್ರಮ್ಮ ಬಾರದ ದಿನವೂ ಪ್ರತಿ ಜಟಕಾದವನೂ ಹೊರಡುವ ಮುಂಚೆ ಅದನ್ನು ಪಟ್ಟಿಗಳ ಕೆಳಗೆ ತೂರಿಸಿ ನೋಡಬೇಕು. ತೂರಿದರೆ ಗಾಡಿ ಹೊರಡಬಹುದು, ಇಲ್ಲದಿದ್ದರೆ ಇಲ್ಲ.

ಭದ್ರಮ್ಮ ಅದನ್ನು ಕೈಗೆತ್ತಿಕೊಂಡು ತನ್ನ ಬೆರಳಿನ ಪಕ್ಕ ಇಟ್ಟು ನೋಡಿದಳು. ಹಿಂದೆ ಮುಂದೆ ತಿರುಗಿಸಿದಳು. ಚಂದ್ರಿಯ ದವಡೆಯ ಪಟ್ಟಿಗೆ ತೂರಿಸಿದಳು, ಸರಾಗವಾಗಿ ಹೋಯಿತು. ಚಂದ್ರಿ ಅದನ್ನೂ ಮೂಸಿ, ಫುರ್ರ್ ಎಂದು ಪಾಲಿಶ್ ಮಂಕು ಮಾಡಿದಳು.

"ಚೆನ್ನಾಗೈತೆ ಸಾಮಿ" ಎಂದಳು ಭದ್ರಮ್ಮ. "ಆದ್ರೆ ಚಳಿಗಾಲದಾಗೆ ನನ್ ಬೆರಳು ಒಸಿ ಸಣ್ಣಗಾಯ್ತವೆ. ಆವಾಗೇನ್ ಮಾಡ್ತೀರ?"

"ಅದಕ್ಕೂ ಲೆಕ್ಕ ಇಟ್ಟೇ ಮಾಡಿದೀನಿ ತಾಯಿ" ಎಂದು ಶ್ಯಾಮಣ್ಣ ಕೈಮುಗಿದ, ನೆಲ ನೋಡಿಕೊಂಡು.